ಮನೆಯ ಗಣಕಯಂತ್ರದಲ್ಲಿ ಅಂತರಜಾಲದ ಮಂದಗತಿ: ಕಾರಣ ಶೋಧನೆಯ ಕ್ರಮ

ಪೀಠಿಕೆ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಇಲವಾಲವು ಹೋಬಳಿ ಕೇಂದ್ರವೆಂದು ಹೆಸರಾದ ಊರು. 1957ರ ಸೆಪ್ಟೆಂಬರಿನಲ್ಲಿ ಆಚಾರ್ಯ ವಿನೋಬಾ ಭಾವೆಯವರ ಗ್ರಾಮದಾನ ಚಳವಳಿಯನ್ನು ಕುರಿತು ವಿವಿಧ ಪಕ್ಷಗಳ ನಾಯಕರು ಕೂಡಿ ಸಮಾಲೋಚನೆ ನಡೆಸಿದುದು ಇಲ್ಲಿಯೇ. ಪ್ರಧಾನಿ ಜವಾಹರಲಾಲ್ ನೆಹರೂ ಅವರೂ ಅದರಲ್ಲಿ ಭಾಗವಹಿಸಿದ್ದರು. ಅಂದು ಹೊಲಗದ್ದೆಗಳ ನಡುವಿನ ಗ್ರಾಮವಾಗಿದ್ದ ಈ ಊರು ಇಂದು ನಗರದ ಅಂಚನ್ನು ಮುಟ್ಟಿದೆ. ಹಳೆಯ ಹೆಂಚಿನ ಮನೆಗಳ ಪಕ್ಕದಲ್ಲಿ ಹೊಸ ಬಡಾವಣೆಗಳು ಎದ್ದಿವೆ. ಎರಡೂ ಬಗೆಯ ಮನೆಗಳಲ್ಲಿ ಗಣಕಯಂತ್ರವೂ ಅಂತರಜಾಲವೂ ನೆಲೆಗೊಂಡಿವೆ. ಅದರೊಡನೆ ಒಂದು ದೂರೂ ಬಂದಿದೆ: "ನೆಟ್ ಬಹಳ ನಿಧಾನ."

ಇದನ್ನು ಕೇವಲ ಮನರಂಜನೆಗೆ ಒದಗುವ ಅಡಚಣೆಯೆಂದು ತಳ್ಳಿಹಾಕುವಂತಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠಗಳು ಈ ಸಂಪರ್ಕವನ್ನೇ ಅವಲಂಬಿಸಿದ್ದುವು. ವಿದ್ಯಾರ್ಥಿವೇತನದ ಅರ್ಜಿ, ಕಾಲೇಜು ಪ್ರವೇಶದ ಪ್ರಕಟಣೆ, ಪ್ರಶ್ನೆಪತ್ರಿಕೆಗಳ ಮಾದರಿ, ಹಳೆಯ ಗ್ರಂಥಗಳ ಪ್ರತಿಗಳು ಎಲ್ಲವೂ ಇಂದು ಇದೇ ದಾರಿಯಲ್ಲಿ ಮನೆಗೆ ಬರುತ್ತವೆ. ಕೊನೆಯ ದಿನಾಂಕದ ರಾತ್ರಿ ಕಡತ ಇಳಿಯದೆ ನಿಂತರೆ ನಷ್ಟವಾಗುವುದು ವಿದ್ಯಾರ್ಥಿಗೆ. ಕಾರಣವನ್ನು ಅರಿಯದೆ ಹೆಚ್ಚಿನ ದರದ ಯೋಜನೆಗೆ ಹಣ ಕಟ್ಟಿದರೆ ನಷ್ಟವಾಗುವುದು ಕುಟುಂಬಕ್ಕೆ. ಆದುದರಿಂದ ಮಂದಗತಿಯ ಕಾರಣವನ್ನು ಕ್ರಮವರಿತು ಹುಡುಕುವ ವಿಧಾನವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ತಂತ್ರಜ್ಞರ ನೆರವಿಲ್ಲದೆ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಮಾಡಬಹುದಾದ ಪರೀಕ್ಷೆಗಳನ್ನು ಮಾತ್ರ ಇಲ್ಲಿ ಆರಿಸಿಕೊಂಡಿದೆ.

ವೇಗವನ್ನು ಅಳೆಯುವ ಮಾನಗಳು

ಗಣಕಯಂತ್ರವು ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳಿಂದ ವ್ಯವಹರಿಸುತ್ತದೆ. ಅಂತಹ ಒಂದು ಚಿಹ್ನೆಗೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಕೂಡಿದರೆ ಒಂದು ಬೈಟ್. ಹತ್ತು ಲಕ್ಷ ಬಿಟ್‌ಗಳನ್ನು ಮೆಗಾಬಿಟ್ ಎಂದೂ ಹತ್ತು ಲಕ್ಷ ಬೈಟ್‌ಗಳನ್ನು ಮೆಗಾಬೈಟ್ ಎಂದೂ ಕರೆಯುತ್ತಾರೆ.

ಇಲ್ಲಿಯೇ ಮೊದಲ ಗೊಂದಲ ಹುಟ್ಟುತ್ತದೆ. ಸಂಪರ್ಕ ಒದಗಿಸುವ ಸಂಸ್ಥೆಯು ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತದೆ. ಕಡತ ಇಳಿಯುವಾಗ ತೆರೆಯ ಮೇಲೆ ಕಾಣುವ ಅಂಕಿಯು ಸಾಮಾನ್ಯವಾಗಿ ಮೆಗಾಬೈಟ್‌ಗಳಲ್ಲಿರುತ್ತದೆ. ಸೆಕೆಂಡಿಗೆ 40 ಮೆಗಾಬಿಟ್ ವೇಗದ ಯೋಜನೆಗೆ ಹಣ ಕಟ್ಟಿದವರು ತೆರೆಯ ಮೇಲೆ 5 ಎಂಬ ಅಂಕಿಯನ್ನು ಕಂಡು ತಮಗೆ ಎಂಟನೆಯ ಒಂದು ಪಾಲು ಮಾತ್ರ ದೊರೆಯುತ್ತಿದೆಯೆಂದು ಭಾವಿಸುತ್ತಾರೆ. ವಾಸ್ತವವಾಗಿ 40ನ್ನು 8ರಿಂದ ಭಾಗಿಸಿದರೆ ಬರುವುದು 5. ಅವರಿಗೆ ಪೂರ್ಣ ವೇಗವೇ ದೊರೆಯುತ್ತಿದೆ. ಕಡತದ ಜೊತೆಗೆ ವಿಳಾಸ ಮೊದಲಾದ ವಿವರಗಳೂ ಪಯಣಿಸಬೇಕಾದುದರಿಂದ 5ರ ಬದಲು 4.7 ಅಥವಾ 4.8 ಕಂಡರೂ ಅದು ದೋಷವಲ್ಲ.

ಕಡತದ ಗಾತ್ರವನ್ನೂ ಅರಿತಿರಬೇಕು. ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ ತಲಾ 3 ಬೈಟ್‌ಗಳು ಬೇಕು. "ಇಲವಾಲ" ಎಂಬ ಪದದಲ್ಲಿ ಇ, ಲ, ವ, ಆಕಾರದ ಚಿಹ್ನೆ, ಲ ಎಂಬ ಐದು ಅಂಶಗಳಿವೆ. ಆದ್ದರಿಂದ ಅದಕ್ಕೆ 15 ಬೈಟ್, ಅಂದರೆ 120 ಬಿಟ್ ಸಾಕು. ಇಂತಹ ಮುನ್ನೂರು ಅಂಶಗಳುಳ್ಳ ಒಂದು ವಚನವು 900 ಬೈಟ್‌ಗಳಲ್ಲಿ ಅಡಕವಾಗುತ್ತದೆ. ಅದೇ ವಚನದ ಅಚ್ಚಾದ ಪುಟವನ್ನು ಛಾಯಾಚಿತ್ರದಂತೆ ಸೆರೆಹಿಡಿದರೆ ಅದರ ಗಾತ್ರವು ನೂರಾರು ಪಟ್ಟು ಹೆಚ್ಚುತ್ತದೆ. ಆದುದರಿಂದ "ಒಂದು ಪುಟ ಇಳಿಯಲು ಇಷ್ಟು ಹೊತ್ತೇ?" ಎಂದು ಕೇಳುವ ಮೊದಲು ಆ ಪುಟವು ಅಕ್ಷರರೂಪದಲ್ಲಿದೆಯೋ ಚಿತ್ರರೂಪದಲ್ಲಿದೆಯೋ ನೋಡಬೇಕು.

ನಡೆದುಬಂದ ದಾರಿ

ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಎರ್ನೆಟ್ ಎಂಬ ಶಿಕ್ಷಣ ಹಾಗೂ ಸಂಶೋಧನಾ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಸಾರ್ವಜನಿಕರಿಗೆ ಅಂತರಜಾಲವು ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ದೂರವಾಣಿಯ ತಂತಿಗೆ ಮೋಡೆಮ್ ಎಂಬ ಉಪಕರಣವನ್ನು ಜೋಡಿಸಿ, ಸಂಖ್ಯೆಯನ್ನು ಡಯಲ್ ಮಾಡಿ ಸಂಪರ್ಕ ಪಡೆಯಬೇಕಾಗಿತ್ತು. ಮೊದಮೊದಲು ಸೆಕೆಂಡಿಗೆ 9.6 ಕಿಲೋಬಿಟ್ ವೇಗವಿದ್ದ ಮೋಡೆಮ್‌ಗಳು ಮುಂದೆ 56 ಕಿಲೋಬಿಟ್‌ವರೆಗೆ ಬೆಳೆದುವು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಕನಿಷ್ಠ 256 ಕಿಲೋಬಿಟ್ ವೇಗವಿದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎನ್ನಬೇಕೆಂದು ನಿಗದಿಪಡಿಸಿತು. ಈ ಮಿತಿಯು 2013ರಲ್ಲಿ 512 ಕಿಲೋಬಿಟ್‌ಗೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿತು.

100 ಮೆಗಾಬೈಟ್ ಗಾತ್ರದ ಒಂದು ಹಳೆಯ ಗ್ರಂಥದ ಪ್ರತಿಯನ್ನು ಇಳಿಸಿಕೊಳ್ಳುವುದೆಂದು ಭಾವಿಸೋಣ. 9.6 ಕಿಲೋಬಿಟ್ ಮೋಡೆಮ್‌ನಲ್ಲಿ ಇದಕ್ಕೆ ಸುಮಾರು 23 ಗಂಟೆ ಹಿಡಿಯುತ್ತದೆ. 56 ಕಿಲೋಬಿಟ್‌ನಲ್ಲಿ ಸುಮಾರು 4 ಗಂಟೆ. 256 ಕಿಲೋಬಿಟ್‌ನಲ್ಲಿ 52 ನಿಮಿಷ. 40 ಮೆಗಾಬಿಟ್‌ನಲ್ಲಿ 20 ಸೆಕೆಂಡು. ಇಂದು ಇದೇ ಪ್ರತಿಗೆ ಅರ್ಧ ಗಂಟೆ ಹಿಡಿಯುತ್ತಿದ್ದರೆ ಎಲ್ಲಿಯೋ ತಡೆಯಿದೆಯೆಂದೇ ತಿಳಿಯಬೇಕು. ಆ ತಡೆ ಎಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

ಕಡತವು ಹೇಗೆ ಬರುತ್ತದೆ?

1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. "ಆಕಾಶವಾಣಿ" ಎಂಬ ಹೆಸರು ಆ ಕೇಂದ್ರದ ಹೆಸರಾಗಿಯೇ ಪ್ರಸಿದ್ಧಿಗೆ ಬಂದಿತು. ಬಾನುಲಿಯಲ್ಲಿ ಒಂದೇ ತರಂಗವನ್ನು ಎಲ್ಲರೂ ಕೇಳುತ್ತಾರೆ. ಕೇಳುಗರು ಹತ್ತು ಮಂದಿ ಇದ್ದರೂ ಹತ್ತು ಸಾವಿರ ಮಂದಿ ಇದ್ದರೂ ಧ್ವನಿ ಕುಗ್ಗುವುದಿಲ್ಲ. ಅಂತರಜಾಲದ ಸ್ವಭಾವ ಬೇರೆ. ಇಲ್ಲಿ ಕೇಳಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿಯನ್ನು ಕಳುಹಿಸಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾಗುವ ದಿನ ಒಂದೇ ತಾಣವನ್ನು ಲಕ್ಷಾಂತರ ಮಂದಿ ಏಕಕಾಲಕ್ಕೆ ತೆರೆಯಲು ಯತ್ನಿಸುವಾಗ ಅದು ತೊದಲುವುದು ಈ ಕಾರಣದಿಂದ. ಆ ಹೊತ್ತಿನಲ್ಲಿ ನಮ್ಮ ಮನೆಯ ಸಂಪರ್ಕವನ್ನು ದೂಷಿಸುವುದು ವ್ಯರ್ಥ.

ಕಳುಹಿಸುವ ಕಡತವನ್ನು ಸುಮಾರು 1500 ಬೈಟ್‌ಗಳ ಸಣ್ಣ ಸಣ್ಣ ಪೊಟ್ಟಣಗಳನ್ನಾಗಿ ವಿಂಗಡಿಸಲಾಗುತ್ತದೆ. ಪೊಟ್ಟಣಗಳು ಬಂದು ಸೇರಿದುದಕ್ಕೆ ನಮ್ಮ ಗಣಕಯಂತ್ರವು ರಸೀದಿಯನ್ನು ಹಿಂದಿರುಗಿಸುತ್ತದೆ. ರಸೀದಿ ಬಾರದಿದ್ದರೆ ಕಳುಹಿಸಿದವನು ಪೊಟ್ಟಣ ದಾರಿಯಲ್ಲಿ ಕಳೆಯಿತೆಂದು ತಿಳಿದು ಮತ್ತೆ ಕಳುಹಿಸುತ್ತಾನೆ. ದಾರಿಯಲ್ಲಿ ಸಂದಣಿಯಿದೆಯೆಂದು ಬಗೆದು ತನ್ನ ವೇಗವನ್ನೂ ತಗ್ಗಿಸುತ್ತಾನೆ. ಈ ಸಂಯಮವನ್ನು ಜಾಲಕ್ಕೆ ಕಲಿಸಿದುದು ಒಂದು ವಿಪತ್ತು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೇವಲ 400 ಗಜ ಅಂತರದಲ್ಲಿದ್ದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ನಡುವೆ ವೇಗವು ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ತಂತಿ ತುಂಡಾಗಿರಲಿಲ್ಲ, ಕಳೆದ ಪೊಟ್ಟಣಗಳನ್ನು ಎಲ್ಲ ಯಂತ್ರಗಳೂ ಆತುರದಿಂದ ಮರಳಿ ಮರಳಿ ಕಳುಹಿಸಿ ದಾರಿಯನ್ನೇ ಮುಚ್ಚಿದ್ದುವು. ಇದನ್ನು ಅಭ್ಯಸಿಸಿದ ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿಯು 1988ರಲ್ಲಿ ಪ್ರಕಟಿಸಿದ ಪರಿಹಾರ ಕ್ರಮವೇ ಇಂದಿನ ಪದ್ಧತಿಗಳಿಗೆ ಆಧಾರವಾಯಿತು. ಅಲ್ಪಸ್ವಲ್ಪ ಪೊಟ್ಟಣಗಳು ಕಳೆದರೂ ಒಟ್ಟು ವೇಗವು ಬಹಳವಾಗಿ ಕುಗ್ಗುತ್ತದೆಂಬುದು ಇದರಿಂದ ತಿಳಿಯುತ್ತದೆ. ಸಡಿಲವಾದ ಒಂದು ಜೋಡಣೆಯು ಇಡೀ ಸಂಪರ್ಕವನ್ನು ಮಂದಗೊಳಿಸುವುದು ಹೀಗೆ.

ಶೋಧನೆಯ ಕ್ರಮ

ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತನು ತನ್ನ ಗದ್ದೆಗೆ ನೀರು ಕಡಿಮೆಯಾದರೆ ಮೊದಲು ಅಣೆಕಟ್ಟೆಗೆ ಓಡುವುದಿಲ್ಲ. ಗದ್ದೆಯ ಬದುವನ್ನು ನೋಡುತ್ತಾನೆ. ಕಾಲುವೆಯ ಉದ್ದಕ್ಕೂ ನಡೆದು ಎಲ್ಲಿ ಹೂಳು ತುಂಬಿದೆ, ಎಲ್ಲಿ ಸೋರುತ್ತಿದೆ ಎಂದು ಪರೀಕ್ಷಿಸುತ್ತಾನೆ. ತೂಬಿನ ಬಳಿ ನೀರು ಸರಿಯಾಗಿದ್ದರೆ ದೋಷವು ಕೆಳಗಡೆಯೇ ಇದೆಯೆಂದು ನಿಶ್ಚಯಿಸುತ್ತಾನೆ. ಅಂತರಜಾಲದ ವಿಷಯದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ. ದಾರಿಯನ್ನು ಭಾಗಗಳಾಗಿ ವಿಂಗಡಿಸಿ, ಹತ್ತಿರದಿಂದ ದೂರಕ್ಕೆ, ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದುದು ಯಾವುದರಿಂದ ಎಂಬುದು ತಿಳಿಯದು.

ಮೊದಲು ಬಿಲ್ಲನ್ನು ತೆಗೆದು ಯೋಜನೆಯ ವೇಗವನ್ನೂ ತಿಂಗಳ ಬಳಕೆಯ ಮಿತಿಯನ್ನೂ ಬರೆದುಕೊಳ್ಳಬೇಕು. ಅನೇಕ ಯೋಜನೆಗಳಲ್ಲಿ ಮಿತಿ ಮೀರಿದ ಬಳಿಕ ವೇಗವನ್ನು ತಗ್ಗಿಸುತ್ತಾರೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ನಿಧಾನವಾಗುವ ಮನೆಗಳಲ್ಲಿ ಇದನ್ನೇ ಮೊದಲು ಶಂಕಿಸಬೇಕು. ಅನಂತರ ಗಣಕಯಂತ್ರವನ್ನು ರೂಟರ್‌ಗೆ ನೇರವಾಗಿ ಕೇಬಲ್ಲಿನಿಂದ ಜೋಡಿಸಿ, ಮನೆಯ ಇತರ ದೂರವಾಣಿಗಳನ್ನೂ ದೂರದರ್ಶನವನ್ನೂ ಜಾಲದಿಂದ ಬಿಡಿಸಿ, ವೇಗ ಅಳೆಯುವ ಯಾವುದಾದರೂ ತಾಣದಲ್ಲಿ ಪರೀಕ್ಷೆ ನಡೆಸಬೇಕು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ ಹೀಗೆ ಮೂರು ಹೊತ್ತು, ಮೂರು ದಿನ ಅಳೆದು ಬರೆದಿಡಬೇಕು. ಬಳಿಕ ಕೇಬಲ್ ತೆಗೆದು, ಎಂದಿನಂತೆ ನಿಸ್ತಂತು ಸಂಪರ್ಕದಲ್ಲಿ, ಗಣಕಯಂತ್ರವು ಸಾಮಾನ್ಯವಾಗಿ ಇರುವ ಕೋಣೆಯಲ್ಲಿ ಅದೇ ಪರೀಕ್ಷೆಯನ್ನು ಮಾಡಬೇಕು.

40 ಮೆಗಾಬಿಟ್ ಯೋಜನೆಯ ಮನೆಯೊಂದನ್ನು ಕಲ್ಪಿಸಿಕೊಂಡು ಫಲಿತಾಂಶಗಳನ್ನು ಅರ್ಥೈಸೋಣ.

ಒಂದು: ಕೇಬಲ್ಲಿನಲ್ಲಿ 38, ನಿಸ್ತಂತುವಿನಲ್ಲಿ 6. ಹೊರಗಿನ ಸಂಪರ್ಕ ಸರಿಯಾಗಿದೆ. ದೋಷವು ಮನೆಯೊಳಗಿನ ನಿಸ್ತಂತು ಭಾಗದಲ್ಲಿದೆ. ಹೆಚ್ಚಿನ ದರದ ಯೋಜನೆಯಿಂದ ಪ್ರಯೋಜನವಿಲ್ಲ.

ಎರಡು: ಕೇಬಲ್ಲಿನಲ್ಲಿ ಬೆಳಿಗ್ಗೆ 38, ರಾತ್ರಿ 8. ಸಂಜೆಯ ಸಂದಣಿಯೇ ಕಾರಣ. ಅದು ಬಡಾವಣೆಯಲ್ಲಿ ಅಥವಾ ಸಂಸ್ಥೆಯ ಜಾಲದಲ್ಲಿದೆ.

ಮೂರು: ಕೇಬಲ್ಲಿನಲ್ಲಿ ಎಲ್ಲ ಹೊತ್ತಿನಲ್ಲಿಯೂ 8. ಮನೆಗೆ ಬರುವ ತಂತಿ, ಉಪಕರಣ ಅಥವಾ ಯೋಜನೆಯ ಮಿತಿಯನ್ನು ಪರೀಕ್ಷಿಸಬೇಕು. ಇನ್ನೊಂದು ಗಣಕಯಂತ್ರದಲ್ಲಿ 38 ಬಂದರೆ ಮಾತ್ರ ದೋಷವು ಮೊದಲನೆಯ ಯಂತ್ರದ್ದು.

ನಾಲ್ಕು: ಪರೀಕ್ಷೆಯಲ್ಲಿ 38 ಬಂದರೂ ಬೇಕಾದ ಕಡತ ಮಾತ್ರ ತೆವಳುತ್ತದೆ. ಬೇರೆ ತಾಣದ ಕಡತಗಳು ಬೇಗ ಇಳಿದರೆ ತಡೆಯು ಆ ಒಂದು ತಾಣದಲ್ಲಿದೆ. ವೇಗ ಅಳೆಯುವ ತಾಣಗಳು ಸಾಮಾನ್ಯವಾಗಿ ಹತ್ತಿರದ ಯಂತ್ರವನ್ನೇ ಆರಿಸಿಕೊಳ್ಳುವುದರಿಂದ ಅವು ತೋರಿಸುವುದು ಅತ್ಯುತ್ತಮ ಸ್ಥಿತಿಯನ್ನು ಎಂಬುದೂ ನೆನಪಿರಲಿ.

ಮನೆಯೊಳಗಿನ ಕಾರಣಗಳು

ನಿಸ್ತಂತು ಉಪಕರಣಗಳು ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ಪಟ್ಟಿಗಳಲ್ಲಿ ಕೆಲಸಮಾಡುತ್ತವೆ. ಮೊದಲನೆಯದು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ಸಂದಣಿ ಹೆಚ್ಚು. ನೆರೆಮನೆಗಳ ರೂಟರ್‌ಗಳೂ ಬ್ಲೂಟೂತ್ ಸಾಧನಗಳೂ ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿವೆ. ಎರಡನೆಯದು ವೇಗವಾದುದು, ಆದರೆ ಗೋಡೆಗಳಿಂದ ಬೇಗ ಕ್ಷೀಣಿಸುತ್ತದೆ. ಹಳೆಯ ಮನೆಗಳ ದಪ್ಪ ಮಣ್ಣಿನ ಅಥವಾ ಕಲ್ಲಿನ ಗೋಡೆ, ಹೊಸ ಮನೆಗಳ ಕಬ್ಬಿಣ ತುಂಬಿದ ಕಾಂಕ್ರೀಟ್ ತಾರಸಿ, ಉಕ್ಕಿನ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ ಇವೆಲ್ಲವೂ ತರಂಗಗಳಿಗೆ ಅಡ್ಡಿಯೇ. ರೂಟರ್ ಅನ್ನು ಅಂದಕ್ಕಾಗಿ ಬೀರುವಿನ ಒಳಗೋ ದೂರದರ್ಶನದ ಹಿಂದೆಯೋ ಇಡುವ ರೂಢಿ ನಮ್ಮಲ್ಲಿದೆ. ಅದನ್ನು ನಡುಮನೆಯಲ್ಲಿ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ, ಬಯಲಾಗಿ ಇಟ್ಟರೆ ಖರ್ಚಿಲ್ಲದೆ ಗುಣ ಕಾಣುವುದುಂಟು. 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11; ನೆರೆಯವರು ಬಳಸದ ಒಂದನ್ನು ಆರಿಸಿಕೊಳ್ಳಬಹುದು. ಗಣಕಯಂತ್ರವು ಒಂದೇ ಸ್ಥಳದಲ್ಲಿ ಇರುವುದಾದರೆ ಕೇಬಲ್ ಎಳೆಯುವುದೇ ಉತ್ತಮ.

ಕೇಬಲ್ಲೂ ದೋಷಮುಕ್ತವಲ್ಲ. ಅದರೊಳಗೆ ಎಂಟು ಎಳೆಗಳಿವೆ. ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸಲು ಎಂಟೂ ಬೇಕು. ಒಂದು ತುಂಡಾದರೂ ಸಂಪರ್ಕವು 100ಕ್ಕೆ ಇಳಿಯಬಹುದು. 200 ಅಥವಾ 300 ಮೆಗಾಬಿಟ್ ಯೋಜನೆಯಿದ್ದೂ ವೇಗವು 95ರ ಆಸುಪಾಸಿನಲ್ಲಿಯೇ ನಿಂತುಬಿಟ್ಟರೆ ಕೇಬಲ್ಲನ್ನೂ ಹಳೆಯ ಜಾಲಫಲಕವನ್ನೂ ಶಂಕಿಸಬೇಕು.

ಗಣಕಯಂತ್ರವೇ ನೀರನ್ನು ಬೇರೆಡೆಗೆ ಹರಿಸುತ್ತಿರುವುದೂ ಸಾಧ್ಯ. ತಂತ್ರಾಂಶಗಳ ನವೀಕರಣ, ಛಾಯಾಚಿತ್ರಗಳ ದೂರಸಂಗ್ರಹ, ತೆರೆದಿಟ್ಟ ಹತ್ತಾರು ಪುಟಗಳು ಒಡೆಯನಿಗೆ ತಿಳಿಯದಂತೆ ಸಂಪರ್ಕವನ್ನು ಬಳಸುತ್ತವೆ. ಅದರಲ್ಲಿಯೂ ಮೇಲಕ್ಕೆ ಕಳುಹಿಸುವ ಕೆಲಸ ನಡೆಯುತ್ತಿದ್ದರೆ ಹಿಂದೆ ಹೇಳಿದ ರಸೀದಿಗಳು ಸಾಲಿನಲ್ಲಿ ಕಾಯಬೇಕಾಗುತ್ತದೆ. ರಸೀದಿ ತಡವಾದರೆ ಇಳಿಯುವ ವೇಗವೂ ಕುಗ್ಗುತ್ತದೆ. ಯಾವ ತಂತ್ರಾಂಶವು ಜಾಲವನ್ನು ಎಷ್ಟು ಬಳಸುತ್ತಿದೆ ಎಂಬುದನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಬಹುದು. ಅಪರಿಚಿತ ತಂತ್ರಾಂಶವೊಂದು ಎಡೆಬಿಡದೆ ಕಳುಹಿಸುತ್ತಿದ್ದರೆ ವೈರಸ್ ಪರೀಕ್ಷೆ ನಡೆಸಬೇಕು. ಡಿಸ್ಕಿನಲ್ಲಿ ಸ್ಥಳ ತುಂಬಿದ್ದರೂ ಬಂದ ದತ್ತಾಂಶವನ್ನು ಬರೆದಿಡಲು ಯಂತ್ರವು ತಡಮಾಡುತ್ತದೆ. ರೂಟರ್‌ನ ಗುಪ್ತಪದವು ಓಣಿಯಲ್ಲೆಲ್ಲ ತಿಳಿದಿದ್ದರೆ ಬಳಸುವವರ ಸಂಖ್ಯೆ ಮನೆಯವರ ಸಂಖ್ಯೆಗಿಂತ ಹೆಚ್ಚಿರುತ್ತದೆ. ಅದನ್ನು ಬದಲಾಯಿಸಿ ಮತ್ತೆ ಅಳೆಯಬೇಕು.

ಮನೆಯ ಹೊರಗಿನ ಕಾರಣಗಳು

ತಾಮ್ರದ ದೂರವಾಣಿ ತಂತಿಯ ಮೂಲಕ ಬರುವ ಸಂಪರ್ಕದಲ್ಲಿ ದೂರವೇ ಮುಖ್ಯ ಶತ್ರು. ಎಡಿಎಸ್‌ಎಲ್ 2 ಪ್ಲಸ್ ಎಂಬ ಪದ್ಧತಿಯು ವಿನಿಮಯ ಕೇಂದ್ರದ ಸಮೀಪದಲ್ಲಿ ಗರಿಷ್ಠ 24 ಮೆಗಾಬಿಟ್ ನೀಡಬಲ್ಲುದು. ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಅದು ಒಂದೆರಡು ಮೆಗಾಬಿಟ್‌ಗೆ ಇಳಿಯುತ್ತದೆ. ಮಳೆಗಾಲದಲ್ಲಿ ಜೋಡಣೆಗಳಿಗೆ ತೇವ ತಗುಲಿದರೆ ಇನ್ನೂ ಕುಗ್ಗುತ್ತದೆ. ದೂರವಾಣಿಯಲ್ಲಿ ಕರಕರ ಸದ್ದು ಕೇಳುವುದು ಇದರ ಲಕ್ಷಣ. ಗಾಜಿನ ಎಳೆಯ ಫೈಬರ್ ಸಂಪರ್ಕಕ್ಕೆ ಈ ದೂರದ ಬಾಧೆಯಿಲ್ಲ. ಆದರೆ ಆ ಎಳೆಯನ್ನು ಮೂಲೆಯಲ್ಲಿ ಗಟ್ಟಿಯಾಗಿ ಬಗ್ಗಿಸಿದರೆ, ಬಾಗಿಲ ಸಂದಿಯಲ್ಲಿ ಸಿಕ್ಕಿಸಿದರೆ ಬೆಳಕು ಸೋರಿಹೋಗುತ್ತದೆ. ಉಪಕರಣದ ಮೇಲೆ ಎಲ್‌ಓಎಸ್ ಎಂದು ಬರೆದ ಕೆಂಪು ದೀಪ ಹೊತ್ತಿದರೆ ಬೆಳಕು ತಲುಪುತ್ತಿಲ್ಲವೆಂದು ಅರ್ಥ. ಒಂದು ಫೈಬರನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುವುದುಂಟು. ಮೊಬೈಲ್ ಗೋಪುರವನ್ನು ಅದರ ವ್ಯಾಪ್ತಿಯ ಎಲ್ಲರೂ ಹಂಚಿಕೊಳ್ಳುತ್ತಾರೆ. ಮೊಬೈಲಿನ ಸಂಪರ್ಕವನ್ನೇ ಗಣಕಯಂತ್ರಕ್ಕೆ ಬಳಸುವ ಮನೆಗಳಲ್ಲಿ ಸಂಜೆಯ ಮಂದಗತಿ ಹೆಚ್ಚಾಗಿರಲು ಇದು ಕಾರಣ. ದೊಡ್ಡ ಕಡತಗಳನ್ನು ಬೆಳಗಿನ ಜಾವದಲ್ಲಿ ಇಳಿಸಿಕೊಳ್ಳುವುದೇ ಅಂತಹವರಿಗೆ ಸುಲಭೋಪಾಯ.

ಇದಕ್ಕೂ ಆಚೆಗೆ ಸಮುದ್ರದಾಳದ ತಂತಿಗಳಿವೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ತಂತಿಗಳು ತುಂಡಾದಾಗ ಭಾರತದ ಅಂತರಜಾಲ ಸಂಚಾರವೂ ಅಸ್ತವ್ಯಸ್ತವಾಯಿತು. ಇಂತಹ ಸಂದರ್ಭದಲ್ಲಿ ವಿದೇಶದ ತಾಣಗಳು ಮಾತ್ರ ನಿಧಾನವಾಗಿ, ದೇಶದೊಳಗಿನ ತಾಣಗಳು ಸರಿಯಾಗಿರುತ್ತವೆ. ಆಗ ಕಾಯುವುದಲ್ಲದೆ ಮನೆಯವರು ಮಾಡಬಹುದಾದುದು ಏನೂ ಇಲ್ಲ.

ದೂರು ಕೊಡುವ ರೀತಿ

ದೋಷವು ಹೊರಗಿದೆಯೆಂದು ಪರೀಕ್ಷೆಯಿಂದ ಖಚಿತವಾದರೆ ಸಂಕೋಚವಿಲ್ಲದೆ ದೂರು ಕೊಡಬೇಕು. "ಬಹಳ ನಿಧಾನ" ಎಂಬ ಮಾತಿಗೆ "ರೂಟರ್ ಆರಿಸಿ ಹಾಕಿ" ಎಂಬ ಉತ್ತರವೇ ಬರುತ್ತದೆ. "ಕೇಬಲ್ಲಿನಲ್ಲಿ, ಬೇರೆ ಯಾವ ಸಾಧನವೂ ಇಲ್ಲದೆ, ಮೂರು ದಿನ ಮೂರು ಹೊತ್ತು ಅಳೆದಿದ್ದೇನೆ; 40ರ ಬದಲು ಇಷ್ಟು ಬರುತ್ತಿದೆ" ಎಂದು ದಿನಾಂಕ ಸಹಿತ ಬರೆದು ಕೊಟ್ಟರೆ ದೂರಿಗೆ ತೂಕ ಬರುತ್ತದೆ. ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ರೂಪಿಸಿದ ನಿಯಮಗಳಂತೆ ಪ್ರತಿಯೊಂದು ಸಂಸ್ಥೆಯಲ್ಲಿಯೂ ದೂರು ಕೇಂದ್ರವೂ ಅದರ ಮೇಲೆ ಮೇಲ್ಮನವಿ ಪ್ರಾಧಿಕಾರವೂ ಇರಬೇಕು. ದೂರು ದಾಖಲಾದಾಗ ಕೊಡುವ ಡಾಕೆಟ್ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಬೇಕು. ಮೇಲ್ಮನವಿಗೆ ಅದೇ ಆಧಾರ.

ಅಧ್ಯಾಪಕರಲ್ಲಿ ಒಂದು ಅರಿಕೆ

ಈ ವಿಷಯವನ್ನು ತರಗತಿಯ ಪಾಠವನ್ನಾಗಿ ಬಳಸಬಹುದು. ವಿದ್ಯಾರ್ಥಿಗಳು ತಮ್ಮ ಮನೆಯ ಸಂಪರ್ಕವನ್ನು ಒಂದು ವಾರ ಅಳೆದು ನಕ್ಷೆ ಬರೆಯಲಿ. ಅದೇ ಗಣಿತದ ಅಭ್ಯಾಸ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಾಗ ವೇಗ ಹೇಗೆ ಬದಲಾಗುತ್ತದೆ ಎಂಬುದನ್ನು ಗುರುತಿಸಲಿ. ಅದೇ ಭೌತವಿಜ್ಞಾನದ ಪ್ರಯೋಗ. 90 ಮೆಗಾಬೈಟ್ ಗಾತ್ರದ ಕಡತವು 30 ಮೆಗಾಬಿಟ್ ಸಂಪರ್ಕದಲ್ಲಿ 24 ಸೆಕೆಂಡಿನಲ್ಲಿ ಏಕೆ ಇಳಿಯುತ್ತದೆಂದು ಲೆಕ್ಕಹಾಕಲಿ. ಮನೆಯಲ್ಲಿ ಗಣಕಯಂತ್ರವಿಲ್ಲದ ಮಕ್ಕಳು ಶಾಲೆಯ ಯಂತ್ರದಲ್ಲಿ ಇದೇ ಪ್ರಯೋಗವನ್ನು ಮಾಡಲಿ. ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡಮಾಡುವ ಉದಾರಿಗಳು ಅವುಗಳ ಜೊತೆಗೆ ಉತ್ತಮ ಕೇಬಲ್ ಜೋಡಣೆಗೂ ಸ್ವಲ್ಪ ಹಣವನ್ನು ಮೀಸಲಿಟ್ಟರೆ ಕೊಟ್ಟ ಯಂತ್ರಗಳು ಸಾರ್ಥಕವಾಗುತ್ತವೆ; ಹತ್ತು ಹೊಸ ಯಂತ್ರಗಳು ಒಂದು ದುರ್ಬಲ ನಿಸ್ತಂತು ಸಂಪರ್ಕಕ್ಕೆ ಕಾದು ಕೂರುವುದರಿಂದ ಯಾರಿಗೂ ಲಾಭವಿಲ್ಲ.

ಉಪಕರಣಗಳು ಇನ್ನೂ ಬದಲಾಗುತ್ತವೆ, ವೇಗವು ಇನ್ನೂ ಹೆಚ್ಚುತ್ತದೆ. ಈ ಲೇಖನದ ಅಂಕಿಗಳು ಹತ್ತು ವರ್ಷಗಳಲ್ಲಿ ಹಳತಾಗಬಹುದು. ಅಳೆಯದೆ ಆರೋಪಿಸಬಾರದು, ಹತ್ತಿರದಿಂದ ದೂರಕ್ಕೆ ಹುಡುಕಬೇಕು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಕಂಡುದನ್ನು ಬರೆದಿಡಬೇಕು ಎಂಬ ನಾಲ್ಕು ನಿಯಮಗಳು ಮಾತ್ರ ಯಾವ ಯಂತ್ರಕ್ಕಾದರೂ ಸಲ್ಲುತ್ತವೆ. ಇವನ್ನು ಕಲಿತ ವಿದ್ಯಾರ್ಥಿಯು ತನ್ನ ಮನೆಯ ಹಣವನ್ನೂ ಹೊತ್ತನ್ನೂ ಉಳಿಸಬಲ್ಲನು, ನೆರೆಮನೆಯವರಿಗೂ ನೆರವಾಗಬಲ್ಲನು.